ಅಮೃತಪ್ಪ ಕಟ್ಟಿದ ಪಟ್ಟಿ

೧೫ ಜೂನ್ ೧೯೫೩, ಸೋಮವಾರ

ಮನೆಯಲ್ಲಿ ಕೂಗಾಡಬೇಡಿ ಎಂದು ಸೂಗಮ್ಮ ಈ ವಹಿ ತಂದು ಮುಂದಿಟ್ಟಿದ್ದಾಳೆ. "ದವಾಖಾನ್ಯಾಗಿನ ಸಿಟ್ಟು ತಂದು ನನ್ನ ಕಿವ್ಯಾಗ ಹೊಯ್ಯಬ್ಯಾಡ್ರಿ. ಬೈಯೋದಿದ್ರ ಬರದು ಬೈರಿ," ಎಂದಳು. ಹೆಂಡತಿಯ ಮಾತು ಕೇಳಿ ಬರೆಯುತ್ತಿದ್ದೇನೆ ಎಂದಲ್ಲ. ಇವತ್ತು ಬೈಯಲು ಬೇಕಾದಷ್ಟಿದೆ, ಬೈದು ಬೈದು ಗಂಟಲು ಕಟ್ಟಿದೆ.

ನಾನು ಓದಿದವನಲ್ಲ. ಮೂರನೆಯ ಇಯತ್ತೆಯಲ್ಲಿ ಉರ್ದು ಶಾಲೆಯ ಮೌಲವಿ ಒಂದೇಟು ಹಾಕಿದ, ನಾನು ಪಾಟಿ ಎಸೆದೆ, ಅಲ್ಲಿಗೆ ವಿದ್ಯೆ ಮುಗಿಯಿತು. ಈ ಕನ್ನಡ ಮಠದ ಅಯ್ಯನವರು ಕಲಿಸಿದ್ದು. ಶಹಾಬಾದಿನ ಈ ಕಲ್ಲುಖಣಿಯ ದವಾಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ಡ್ರೆಸ್ಸರ್ ಆಗಿದ್ದೇನೆ. ಬಂಡೆ ಬಿದ್ದು ಕೈಕಾಲು ಮುರಿದುಕೊಂಡು ಬಂದವರಿಗೆ ಬಿದಿರಿನ ದಬ್ಬೆ ಇಟ್ಟು ಪಟ್ಟಿ ಕಟ್ಟುವುದು ನನ್ನ ಕೆಲಸ. ಖಣಿಯಲ್ಲಿ ಒಂದು ಮಾತೇ ಇದೆ: ಬಂಡೆ ಜಾರೀತು, ಅಮೃತಪ್ಪನ ಪಟ್ಟಿ ಜಾರೋದಿಲ್ಲ.

ನಮ್ಮ ಹಳೆಯ ಡಾಕ್ಟರ್ ಅಬ್ದುಲ್ ಕರೀಮ್ ಸಾಹೇಬರು ಬೇಸಗೆಯಲ್ಲಿ ನಿವೃತ್ತರಾಗಿ ಹೋದರು. ಹೊಸಬ ಬಸವಂತರಾಯ, ಇನ್ನೂ ಮೂವತ್ತಾಗಿಲ್ಲ. ಬಂದವನೇ ಮಂಚಕ್ಕೊಂದು ಹಲಗೆ ತೂಗುಹಾಕಿ ಕಾಗದ ಸಿಕ್ಕಿಸಿದ. ರೋಗಿ ಕೆಮ್ಮಿದರೆ ಬರೆ, ಸೀನಿದರೆ ಬರೆ. ಇರಲಿ. ನಿಜಾಮರ ಕಾಲದಲ್ಲಿ ದಫ್ತರದಲ್ಲಿ ಅಮರ್ದಾದ್ ಎಂದು ಬರೆಯುತ್ತಿದ್ದ ತಿಂಗಳೇ ಈಗ ಜೂನ್ ಆಗಿದೆ. ತಿಂಗಳೇ ಬದಲಾದ ಮೇಲೆ ಡಾಕ್ಟರ್ ಬದಲಾಗುವುದೇನು ದೊಡ್ಡದು!

ಇವತ್ತು ಒಂದು ಹುಡುಗಿಯನ್ನು ಕರೆತಂದು ನಿಲ್ಲಿಸಿದ. ಹೆಸರು ಲತೀಫಾ, ಚಿಂಚೋಳಿಯವಳು. ಹೈದರಾಬಾದಿನಲ್ಲಿ ನರ್ಸಿಂಗ್ ಕಲಿಯುತ್ತಾಳಂತೆ.

"ಅಮೃತಪ್ಪನೋರೆ, ಈಕಿ ಮೂರು ತಿಂಗಳು ಇಲ್ಲೇ ಇರ್ತಾಳ. ಪಟ್ಟಿ ಕಟ್ಟೋದು ಬರ್ತದಂತ ಈಕಿ ಪುಸ್ತಕದಾಗ ವಾರಕ್ಕೊಮ್ಮೆ ನೀವು ಸಹಿ ಮಾಡಬೇಕು. ನಿಮ್ಮ ಸಹಿ ಇಲ್ಲಂದ್ರ ಶಾಲ್ಯಾಗ ಪಾಸ್ ಮಾಡಂಗಿಲ್ಲ."

ಇದೊಂದು ಮಾತು ಮಾತ್ರ ಚೆನ್ನಾಗಿತ್ತು.

"ಸಲಾಂ ಕಾಕಾ," ಎಂದಳು.

"ನಾ ನಿನ್ನ ಕಾಕಾ ಅಲ್ಲ."

"ಹಂಗಾರ ಏನಂತ ಕರೀಲಿರಿ?"

"ಕರೀಬ್ಯಾಡ."

ನನ್ನ ತೋಳಿಗೇ ಒಂದು ಪಟ್ಟಿ ಕಟ್ಟು ಎಂದೆ. ಕಟ್ಟಿದಳು. ಸುತ್ತು ಚೆಂದ, ನಾನು ಅಲ್ಲ ಎನ್ನುವುದಿಲ್ಲ. ಆದರೆ ಒಳಗೆ ಬೆರಳು ತೂರುವಷ್ಟು ಸಡಿಲ. "ಇದೇನು ಪಟ್ಟಿನೋ, ದೇವರಿಗೆ ಹಾಕಿದ ಹಾರನೋ?" ಎಂದೆ. ಸಹಿ ಮಾಡಲಿಲ್ಲ.

೧೭ ಜೂನ್, ಬುಧವಾರ

ಗೇಟಿನ ಹತ್ತಿರ ಭೀಮಮ್ಮ ನೇರಳೆಹಣ್ಣು ಇಟ್ಟುಕೊಂಡು ಕೂತಿದ್ದಳು. ನನ್ನನ್ನು ಕಂಡರೆ ಒಂದು ಹಿಡಿ ಕೊಡದೆ ಬಿಡುವುದಿಲ್ಲ. ಒಂಬತ್ತು ವರ್ಷದ ಹಿಂದೆ ಖಣಿಯಲ್ಲಿ ಕಲ್ಲು ಹೊರುವಾಗ ಎಡ ಮುಂಗೈ ಮುರಿದಿತ್ತು. ನಾನೇ ಕಟ್ಟಿದ್ದೆ, ನನ್ನ ಜೀವನದಲ್ಲೇ ಅಂಥ ಗಟ್ಟಿ ಪಟ್ಟಿ ಕಟ್ಟಿಲ್ಲ. ಆದರೂ ಕೈ ಕಪ್ಪಾಯಿತು, ಅವಳ ಹಣೆಬರಹ. ಕರೀಮ್ ಸಾಹೇಬರು ಮಣಿಕಟ್ಟಿನ ಮೇಲೆ ಕತ್ತರಿಸಿ ತೆಗೆದರು. "ಕೈ ಹೋಯ್ತು, ಅಮೃತಪ್ಪಣ್ಣ ಜೀವ ಉಳಿಸಿದ" ಎಂದು ಬಂದವರಿಗೆಲ್ಲ ಹೇಳುತ್ತಾಳೆ. ಉಪಕಾರ ನೆನೆಯುವ ಹೆಂಗಸು.

ಆ ಹುಡುಗಿ ಭೀಮಮ್ಮನ ಮೊಂಡಗೈ ನೋಡುತ್ತ ನಿಂತಿದ್ದಳು. "ಮುರದಾಗ ಬೆರಳು ನೋಡಿದ್ರೇನ್ರಿ?" ಎಂದು ನನ್ನನ್ನು ಕೇಳಿದಳು. ಮುರಿದದ್ದು ಮುಂಗೈ, ಬೆರಳು ಯಾಕೆ ನೋಡಬೇಕು?

೨೪ ಜೂನ್, ಬುಧವಾರ

ಸಹಿ ಮಾಡಲಿಲ್ಲ. ಎರಡನೆಯ ವಾರ. ಅವಳು ಕೇಳುವುದೂ ಇಲ್ಲ, ಪುಸ್ತಕ ತಂದು ಮೇಜಿನ ಮೇಲಿಟ್ಟು ಹೋಗುತ್ತಾಳೆ. ಕೇಳಿದ್ದರೆ ಇಲ್ಲ ಎನ್ನಬಹುದಿತ್ತು.

ಮಧ್ಯಾಹ್ನ ಜಗಳವಾಯಿತು. ಪಟ್ಟಿ ಕಟ್ಟಿದ ಮೇಲೆ ತಾಸಿಗೊಮ್ಮೆ ಬೆರಳು ನೋಡಿ ಹಲಗೆಯ ಮೇಲೆ ಬರೆಯುವುದು ಅವಳ ಕೆಲಸವಂತೆ. ಉಗುರು ಒತ್ತಿದರೆ ಬೆಳ್ಳಗಾಗಬೇಕು, ಬಿಟ್ಟರೆ ಕೆಂಪು ತಿರುಗಿ ಬರಬೇಕು.

"ಯಾಕ ಬರಬೇಕು?"

"ರಕ್ತ ತಿರಗತದಲ್ಲರಿ ಕಾಕಾ. ಎದಿಯಿಂದ ಬೆರಳಿಗಿ ಹೋಗತದ, ಮತ್ತ ಎದಿಗಿ ಬರತದ. ಒಂದೇ ನಿಮಿಷದಾಗ ಹೋಗಿ ಬಂದುಬಿಡತದ."

ನನಗೆ ನಗು ಬಂತು. "ಹೊಲಕ್ಕ ಬಿಟ್ಟ ನೀರು ತಿರುಗಿ ಬಾವಿಗಿ ಬಂದದ್ದು ಎಲ್ಲಿಯಾರ ನೋಡೀಯೇನು? ಉಂಡದ್ದು ರಕ್ತ ಆಗತದ, ರಕ್ತ ಮೈಯಾಗ ಇಂಗತದ. ಅದಕ್ಕ ದಿನಾ ರೊಟ್ಟಿ ತಿನ್ನಬೇಕು."

"ಹಂಗಂದ್ರ, ಎದಿ ನಿಮಿಷಕ್ಕ ನಾಕೈದು ಸೇರು ರಕ್ತ ದೂಡತದ, ಅಷ್ಟೂ ಹೊಸದಾಗಿ ಆಗಬೇಕಂದ್ರ ದಿನಕ್ಕ ಎಷ್ಟು ರೊಟ್ಟಿ ತಿನ್ನಬೇಕ್ರಿ?"

ಕಂಪೌಂಡರ್ ನಕ್ಕ. ಅವನಿಗೂ ಬೈದೆ.

ಮನೆಗೆ ಬಂದು ಲೆಕ್ಕ ಹಾಕುತ್ತಿದ್ದೇನೆ. ಹುಡುಗಿ ಕೇಳಿದ್ದು ಹುಚ್ಚು ಮಾತೇ. ಆದರೆ ಎಷ್ಟು ರೊಟ್ಟಿ?

೨ ಜುಲೈ, ಗುರುವಾರ

ಅವಳ ಮಾತು ಸುಳ್ಳು ಎಂದು ತೋರಿಸಲು ಒಂದು ಕೆಲಸ ಮಾಡಿದೆ. ಬೇರೆ ಯಾವ ಕಾರಣಕ್ಕೂ ಅಲ್ಲ.

ಊಟವಾದ ಮೇಲೆ ಕಟ್ಟೆಯ ಮೇಲೆ ಕೂತು ಎಡತೋಳಿಗೆ ಪಟ್ಟಿ ಸುತ್ತಿ, ಒಂದು ತುದಿ ಹಲ್ಲಲ್ಲಿ ಹಿಡಿದು ಎಳೆದೆ. ಮೊದಲು ಸುಮಾರಾಗಿ. ಮುಂಗೈಯ ನರಗಳು ಬಾವಿಹಗ್ಗದ ಹಾಗೆ ಎದ್ದವು, ಅಂಗೈ ಕೆಂಪಾಯಿತು. ಹಾಗಾದರೆ ಇನ್ನೂ ಬಿಗಿದರೆ ಇನ್ನೂ ಏಳಬೇಕಲ್ಲ? ನನ್ನ ಪದ್ಧತಿಯಂತೆ ಪೂರ್ತಿ ಬಿಗಿದೆ. ನರ ಏಳಲೇ ಇಲ್ಲ. ಕೈ ಹೂಕೋಸಿನ ಬಣ್ಣಕ್ಕೆ ಬಂತು, ತಣ್ಣಗಾಯಿತು, ಜುಮುಜುಮು ಎಂದಿತು. ಬಿಚ್ಚಿದೆ. ಮತ್ತೆ ಕಟ್ಟಿದೆ. ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಹಾಗೆಯೇ.

ಇನ್ನೊಂದು ಕಂಡೆ. ಎದ್ದ ನರದ ಮೇಲೆ ಒಂದು ಬೆರಳು ಊರಿ, ಇನ್ನೊಂದು ಬೆರಳಿನಿಂದ ಮೊಣಕೈ ಕಡೆಗೆ ಸವರಿದರೆ ನರ ಖಾಲಿಯಾಗುತ್ತದೆ. ಮೇಲಿನ ಬೆರಳು ತೆಗೆದರೂ ಖಾಲಿಯೇ ಇರುತ್ತದೆ, ಮೇಲಿಂದ ಕೆಳಗೆ ಒಂದು ಹನಿ ಇಳಿಯುವುದಿಲ್ಲ. ಕೆಳಗಿನ ಬೆರಳು ತೆಗೆದ ಕೂಡಲೇ ಅಂಗೈ ಕಡೆಯಿಂದ ಸರ್ರನೆ ತುಂಬುತ್ತದೆ. ಒಳಗೆ ಬಾಗಿಲಿವೆ! ಒಂದೇ ಕಡೆಗೆ ತೆರೆಯುವ ಬಾಗಿಲು! ಐವತ್ತೆಂಟು ವರ್ಷ ಈ ಕೈ ಹೊತ್ತು ತಿರುಗಿದ್ದೇನೆ, ಸಾವಿರಾರು ಕೈ ಕಟ್ಟಿದ್ದೇನೆ, ಒಂದು ಬಾಗಿಲೂ ಕಾಣಲಿಲ್ಲ.

ಸೂಗಮ್ಮ ನೋಡಿ, "ಏನ್ ಮಾಡ್ಲಿಕತ್ತೀರಿ? ಕೈಗಿ ಲಗ್ನ ಮಾಡೋರೇನು, ಹಿಂಗ ಸಿಂಗಾರ ಮಾಡ್ಲಿಕ್ಕ?" ಎಂದಳು. ಅವಳ ಕೈಯನ್ನೂ ಹಿಡಿದು ನೋಡಿದೆ. ಅವಳದ್ದರಲ್ಲೂ ಇವೆ.

೩ ಜುಲೈ, ಶುಕ್ರವಾರ

ಗಟ್ಟಿ ಕಟ್ಟಿದಾಗ ನರ ಯಾಕೆ ಏಳುವುದಿಲ್ಲ ಎಂದು ಲತೀಫಾಳನ್ನು ಕೇಳಿದೆ. ನನಗಾಗಿ ಅಲ್ಲ, ಅವಳಿಗೆ ಗೊತ್ತಿದೆಯೋ ಇಲ್ಲವೋ ನೋಡಲು.

"ಹೋಗೋ ದಾರಿ ಆಳದಾಗ ಅದರಿ, ಬರೋ ದಾರಿ ಮ್ಯಾಲ. ಸಾದಾ ಕಟ್ಟಿದ್ರ ಬರೋದಷ್ಟೇ ಬಂದ್ ಆಗತದ. ಹೋಗಿದ್ದು ತಿರುಗಿ ಬರಲಾರದ ತುಂಬಕೋತದ, ಬಾಯತದ. ಭಾಳ ಬಿಗದ್ರ ಎರಡೂ ಬಂದ್."

"ಎರಡೂ ಬಂದ್ ಆದ್ರ?"

"ಸಾಯತದರಿ, ಆ ಭಾಗ."

ಸಹಿ ಮಾಡಲಿಲ್ಲ. ರಕ್ತ ಗೊತ್ತಿರುವುದು ಬೇರೆ, ಪಟ್ಟಿ ಕಟ್ಟಲು ಬರುವುದು ಬೇರೆ.

೧೦ ಜುಲೈ, ಶುಕ್ರವಾರ

ಸೂಗಮ್ಮ ಬೀಸುವ ಕಲ್ಲಿಗೆ ಕಾಲು ಎಡವಿದಳು. ಬೆಳಗ್ಗೆ ಏನೂ ಇಲ್ಲ ಎಂದವಳು ಸಂಜೆ ಅಳತೊಡಗಿದಳು. ಕಾಲುಂಗುರ ಬೆರಳಲ್ಲಿ ಹೂತಿತ್ತು. "ಉಂಗುರ ಸಣ್ಣದಾಗ್ಯಾದ್ರಿ," ಎಂದಳು. ಬೆಳ್ಳಿ ತಾನಾಗಿ ಸಣ್ಣದಾಗುತ್ತದೆಯೇ, ಬುದ್ಧಿಗೇಡಿ, ಬೆರಳು ಬಾತಿದೆ ಎಂದು ಬೈದೆ. ದಾರ ಸುತ್ತಿ, ಎಣ್ಣೆ ಹಚ್ಚಿ ತೆಗೆದೆ. ಗೂಡಿನಲ್ಲಿಟ್ಟಿದ್ದೇನೆ.

೧೪ ಜುಲೈ, ಮಂಗಳವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಡಾಕ್ಟರ್ ಬೆಳಗಿನ ಗಾಡಿ ಹತ್ತಿ ವಾಡಿ ಊರಿಗೆ ಹೋಗಿದ್ದ. ಒಂಬತ್ತಕ್ಕೆ ಗುಲಾಮ ದಸ್ತಗೀರನನ್ನು ಹೊತ್ತು ತಂದರು. ಇಪ್ಪತ್ತೆರಡರ ಹುಡುಗ, ಹೋದ ತಿಂಗಳು ಮದುವೆಯಾಗಿದೆ. ಬಂಡೆ ಜಾರಿ ಬಲಗಾಲಿನ ಎರಡೂ ಎಲುಬು ಮುರಿದಿದ್ದವು. ಕಾಲು ನೇರ ಎಳೆದು, ದಬ್ಬೆ ಇಟ್ಟು ಕಟ್ಟಿದೆ. "ಗಟ್ಟಿ ಕಟ್ಟ್ರಿ ಕಾಕಾ, ಜಲ್ದಿ ಕೂಡ್ಲಿ," ಎಂದು ಅವನೂ ಅಂದ. ಗಟ್ಟಿಯಾಗಿಯೇ ಕಟ್ಟಿದೆ.

ಹತ್ತಕ್ಕೆ ಲತೀಫಾ ಉಗುರು ಒತ್ತಿ ನೋಡಿ ಬರೆದಳು. ಹನ್ನೊಂದಕ್ಕೆ ಎರಡು ಸಲ ಒತ್ತಿದಳು. ಹನ್ನೆರಡಕ್ಕೆ ನನ್ನ ಬಳಿ ಬಂದಳು.

"ಕಾಕಾ, ಬೆರಳು ತಣ್ಣಗಾಗ್ಯಾವ. ಕೆಂಪು ತಿರುಗಿ ಬರಲಿಕತ್ತಿಲ್ಲ. ಸ್ವಲ್ಪ ಸಡಿಲ ಮಾಡ್ರಿ."

"ನನ್ನ ಪಟ್ಟಿ ನಾ ಬಿಚ್ಚೋದಿಲ್ಲ. ಎಲುಬು ಮುರದದ, ಬ್ಯಾನಿ ಆಗೇ ಆಗತದ."

ದಸ್ತಗೀರ ಮಂಚದ ಅಂಚು ಹಿಡಿದು, "ಬೆರಳು ಜುಮುಜುಮು ಅಂತಿದ್ವು ಕಾಕಾ, ಈಗ ಅದೂ ಇಲ್ಲ," ಎಂದ. "ಸುಮ್ಮನ ಮಲಕೋ," ಎಂದೆ. ಮನೆಗೆ ಊಟಕ್ಕೆ ಬಂದೆ.

ಸೂಗಮ್ಮ ರೊಟ್ಟಿ ಬಡಿಸಿ, ಕಾಲುಂಗುರ ತೆಗೆದುಕೊಂಡು ಎದುರಿಗೆ ಕೂತಳು. ಬಾವು ಇಳಿದಿತ್ತು. ಸುಲಭವಾಗಿ ಏರಿತು, ಬೆರಳಲ್ಲಿ ಗಿರಗಿರ ತಿರುಗಿತು. "ನೋಡ್ರಿ, ಉಂಗುರ ಮೊದಲಿನಷ್ಟೇ ಅದ," ಎಂದು ನಕ್ಕಳು.

ಉಂಗುರ ಮೊದಲಿನಷ್ಟೇ. ಒಂಬತ್ತು ಗಂಟೆಗೆ ನಾನು ಕಟ್ಟಿದ ಪಟ್ಟಿಯೂ ಆಗ ಇದ್ದಷ್ಟೇ ಇದೆ. ಒಳಗಿನ ಕಾಲು ಬಾತಿದ್ದರೆ?

ರೊಟ್ಟಿ ಬಿಟ್ಟು ಎದ್ದೆ. ಈ ವಯಸ್ಸಿನಲ್ಲಿ ಓಡಿದೆ. ಜನ ನೋಡಿದರು, ನೋಡಲಿ.

ಒಳಗೆ ಹೋದಾಗ ಲತೀಫಾ ಕತ್ತರಿ ಹಿಡಿದು ಮಂಚದ ಬಳಿ ನಿಂತಿದ್ದಳು. ಡ್ರೆಸ್ಸರ್ ಕಟ್ಟಿದ್ದನ್ನು ಕಲಿಯುವವರು ಕತ್ತರಿಸಿದರೆ ಅವತ್ತೇ ಮನೆಗೆ, ಅದು ಅವಳಿಗೂ ಗೊತ್ತು. ಕತ್ತರಿ ಪಟ್ಟಿಯ ಅಂಚಿನೊಳಗೆ ತೂರಿತ್ತು.

"ಕೊಡು ಇಲ್ಲಿ," ಎಂದೆ.

ಬೈಯುತ್ತೇನೆಂದುಕೊಂಡಳು. "ಕಾಕಾ, ನಾ ಕತ್ತರಿಸೋದೇ..."

"ಕೊಡು ಅಂದ್ನೆಲ್ಲ! ನಾ ಕಟ್ಟಿದ್ದು ನಾ ಕತ್ತರಿಸ್ತೀನಿ."

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ನನ್ನ ಪಟ್ಟಿಯ ಮೇಲೆ ನಾನೇ ಕತ್ತರಿ ಆಡಿಸಿದೆ. ಕಾಲು ಪಟ್ಟಿಯ ಸುತ್ತುಗಳ ಗುರುತು ಹೊತ್ತು ಉಬ್ಬಿ ಹೊರಬಂತು. ಹೆಬ್ಬೆರಳ ಉಗುರು ಒತ್ತಿ ಬಿಟ್ಟೆ. ಬಿಳಿ. ಎಣಿಸಿದೆ. ನಲವತ್ತೆರಡಕ್ಕೆ ಅಂಚಿನಲ್ಲಿ ಒಂದು ಎಳೆ ಕೆಂಪು ಹರಿಯಿತು. ಲತೀಫಾ ನನ್ನ ಭುಜ ಹಿಡಿದುಕೊಂಡಿದ್ದಳು, ಅದು ನನಗೆ ಆಮೇಲೆ ಗೊತ್ತಾಯಿತು. ಎರಡನೆಯ ಬೆರಳಿಗೆ ಬಂತು, ಮೂರನೆಯದಕ್ಕೆ, ನಾಲ್ಕನೆಯದಕ್ಕೆ. ಕಿರುಬೆರಳಿಗೆ ಬರಲಿಲ್ಲ. ಐನೂರರ ತನಕ ಎಣಿಸಿದೆ.

೧೫ ಜುಲೈ, ಬುಧವಾರ

ಡಾಕ್ಟರ್ ಹಲಗೆಯ ಕಾಗದ ಓದಿದ. ಹನ್ನೆರಡು ಗಂಟೆಯ ಎದುರು ಅವಳು ಬರೆದಿದ್ದಳು: ಡ್ರೆಸ್ಸರಿಗೆ ಹೇಳಿದೆ, ಬಿಚ್ಚಲಿಲ್ಲ. ನನಗೆ ಮೈ ಉರಿಯಿತು. ಸುಳ್ಳಾಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಆದರೆ ಅವನು ಅವಳ ಮೇಲೆಯೇ ಹರಿಹಾಯ್ದ. "ಹೇಳಿ ಸುಮ್ಮನ ಕೂತ್ರ ಆಯ್ತೇನು? ಒಂದು ತಾಸು ಹೋಯ್ತು. ನಿನ್ನ ಶಾಲಿಗಿ ಬರೀಬೇಕಾಗತದ."

"ನನ್ನ ಹೆಸರು ಬರೀರಿ," ಎಂದೆ. "ಆಕಿ ಹೇಳಿದಳು. ನಾ ಕೇಳಲಿಲ್ಲ."

"ನಿಮ್ಮ ಹೆಸರು ಬರದ್ರ ಪಟ್ಟಿ ಕೆಲಸ ನಿಮ್ಮ ಕೈಯಿಂದ ಹೋದೀತು, ಅಮೃತಪ್ಪನೋರೆ."

"ಹೋಗಲಿ. ಬರೀರಿ ಅಂದ್ನೆಲ್ಲ! ಬರಿಯೋ ಹುಚ್ಚು ನಿಮಗೇ ಅಲ್ಲೇನು?"

ಬರೆದ.

೨೦ ಜುಲೈ, ಸೋಮವಾರ

ಕೆಲಸ ಹೋಗಲಿಲ್ಲ. ಹುಕುಮ್ ಬಂದಿದೆ. ನಾನು ಕಟ್ಟಬಹುದು, ತಾಸಿಗೊಮ್ಮೆ ನರ್ಸ್ ನೋಡಬೇಕು, ಬೆರಳು ಕೆಟ್ಟರೆ ಯಾರನ್ನೂ ಕೇಳದೆ ಕತ್ತರಿಸಬಹುದು. ನನ್ನ ಪಟ್ಟಿಗೆ ಪಹರೆ!

೩ ಆಗಸ್ಟ್, ಸೋಮವಾರ

ದಸ್ತಗೀರನ ಕಿರುಬೆರಳು ಕಪ್ಪಾಗಿತ್ತು, ಇವತ್ತು ಡಾಕ್ಟರ್ ತೆಗೆದ. ಕಾಲು ಉಳಿಯಿತು. ದಸ್ತಗೀರನ ತಾಯಿ ಆಶಾಬಿ ನನ್ನ ಎರಡೂ ಕೈ ಹಿಡಿದು, "ಬೆರಳು ಹೋಯ್ತು, ಕಾಲು ಉಳಿಸಿದಿ ಅಣ್ಣ," ಎಂದಳು.

ಈ ಮಾತು ಮೊದಲು ಎಲ್ಲೋ ಕೇಳಿದ್ದೇನೆ.



೧೧ ಆಗಸ್ಟ್, ಮಂಗಳವಾರ

ಒಂದು ವಾರದಿಂದ ದವಾಖಾನೆಗೆ ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದೇನೆ. ಗೇಟಿನ ಕಡೆ ಮಳೆಗೆ ಕೆಸರಾಗಿದೆ.

"ಕೆಸರು ಹಿಂದನೇ ಅದಲ್ಲರಿ ಕಾಕಾ," ಎಂದಳು ಲತೀಫಾ, ನನ್ನ ಚಪ್ಪಲಿ ನೋಡಿ.

ಎಲ್ಲ ನೋಡುತ್ತಾಳೆ ಆ ಹುಡುಗಿ. ಕಲಿಸಿದವರು ಯಾರೋ.

೨೯ ಆಗಸ್ಟ್, ಶನಿವಾರ

ಇವತ್ತು ಗೇಟಿನಿಂದ ಹೋದೆ.

ಭೀಮಮ್ಮ ಪೇರಲಹಣ್ಣು ಇಟ್ಟುಕೊಂಡಿದ್ದಳು. "ಎಲ್ಲಿ ಸತ್ತಿದ್ದಿ ಅಣ್ಣ?" ಎಂದು ದೊಡ್ಡದೊಂದು ಆರಿಸಿ ಚಾಚಿದಳು. ತೆಗೆದುಕೊಳ್ಳಲಿಲ್ಲ. ಅವಳ ಎದುರು ನೆಲದ ಮೇಲೆ ಕೂತೆ.

"ಭೀಮವ್ವ, ನಿನ್ನ ಕೈ ಕಲ್ಲು ಬಿದ್ದು ಹೋಗಿಲ್ಲ. ಹಣೆಬರಹಾನೂ ಅಲ್ಲ. ನಾ ಬಿಗದು ಕಟ್ಟಿ ಮನಿಗಿ ಹೋದೆ. ತಿರುಗಿ ನೋಡಲಿಲ್ಲ. ಒಳಗ ಬಾತು, ರಕ್ತ ಬಂದ್ ಆಗಿ ಸತ್ತದ. ಪಟ್ಟಿ ಕತ್ತರಿಸಿದ್ರ ಉಳೀತಿತ್ತು."

ಅವಳು ಹಣ್ಣನ್ನು ಬುಟ್ಟಿಗೆ ವಾಪಸು ಇಟ್ಟಳು. ಗಿರಾಕಿ ಬಂದ, ಹೋದ.

"ಬೆರಳು ಜುಮುಜುಮು ಅಂತಾವಂತ ನಾ ಅಂದಿದ್ದೆ," ಎಂದಳು.

"ಹೂಂ."

"ಸುಮ್ಮನ ಕೂಡು ಅಂದಿದ್ದಿ."

"ಅಂದಿದ್ದೆ."

"ಒಂಬತ್ತು ವರ್ಷ ನಿನಗ ಹಣ್ಣು ಕೊಟ್ಟೀನಿ."

"ಎದ್ದು ಹೋಗು, ಗಿರಾಕಿಗಿ ಅಡ್ಡ ಕೂತೀ," ಎಂದಳು. ಎದ್ದು ಬಂದೆ. ದಿನವೆಲ್ಲ ಮೂರು ಪಟ್ಟಿ ಕಟ್ಟಿದೆ. ಲತೀಫಾ ನೋಡುವುದಕ್ಕೆ ಮೊದಲೇ ನಾನೇ ಹೋಗಿ ಬೆರಳು ಒತ್ತಿ ನೋಡಿದೆ. ಬಿಡುವಿತ್ತು, ಅದಕ್ಕೆ.

೧೨ ಸೆಪ್ಟೆಂಬರ್, ಶನಿವಾರ

ಲತೀಫಾ ಇವತ್ತು ಹೋದಳು. ಬೆಳಗ್ಗೆ ಪುಸ್ತಕ ತಂದು ಮೇಜಿನ ಮೇಲಿಟ್ಟಳು, ಎಂದಿನಂತೆ ಕೇಳಲಿಲ್ಲ. ಹದಿಮೂರು ವಾರದ ಸಹಿಯ ಮನೆಗಳೂ ಖಾಲಿ. ಒಂದೊಂದರಲ್ಲೂ ಸಹಿ ಹಾಕಿದೆ. ಕೊನೆಗೆ ಅಭಿಪ್ರಾಯ ಎಂದು ಎರಡು ಗೆರೆ ಬಿಟ್ಟಿದ್ದರು. ಬರೆದೆ: ಪಟ್ಟಿ ಕಟ್ಟಲು ಬರುತ್ತದೆ. ಹಿರಿಯರು ಸುಮ್ಮನಿರು ಎಂದರೆ ಸುಮ್ಮನಿರುವುದಿಲ್ಲ. ಪಾಸು ಮಾಡಿರಿ.

ಓದಿ ನಕ್ಕಳು, ಕಣ್ಣೊರೆಸಿಕೊಂಡಳು. "ಹೋಗಿ ಬರ್ತೀನ್ರಿ ಕಾಕಾ."

"ಗಾಡಿ ತಪ್ಪತದ, ನಡಿ," ಎಂದೆ. ಟ್ರಂಕು ಹೊರಲು ಯಾರೂ ಇರಲಿಲ್ಲ, ಹಾಗಾಗಿ ಸ್ಟೇಷನ್ನಿನ ತನಕ ನಾನೇ ಹೊತ್ತುಕೊಂಡು ಹೋದೆ. ಹಾಸ್ಟೆಲಿನ ವಿಳಾಸ ಬರೆಸಿಕೊಂಡೆ, ಸೂಗಮ್ಮ ಕೇಳಿಯಾಳೆಂದು.

೧೬ ಸೆಪ್ಟೆಂಬರ್, ಬುಧವಾರ

ದಿನವೂ ಗೇಟಿನಿಂದಲೇ ಹೋಗುತ್ತೇನೆ. ಭೀಮಮ್ಮ ನೋಡುವುದಿಲ್ಲ, ನಾನೂ ನಿಲ್ಲುವುದಿಲ್ಲ. ಇವತ್ತು ದಾಟಿ ಹೋಗುತ್ತಿದ್ದಾಗ ಹಿಂದಿನಿಂದ ಕೂಗಿದಳು.

"ಏ ಅಮೃತಪ್ಪ!" ಅಣ್ಣ ಅನ್ನಲಿಲ್ಲ. "ರಕ್ತ ತಿರಗತದಂತ ಹೇಳ್ಕೋತ ತಿರಗತೀಯಂತ. ದಸ್ತಗೀರ ಅಂದ. ಖರೆ ಏನು?"

"ಖರೆ."

"ತೋರಿಸು."

ಅವಳ ಬಲಗೈ ಹಿಡಿದು ಕೂತೆ. ಒರಟು ಕೈ, ನರಗಳು ಚೆನ್ನಾಗಿ ಎದ್ದಿವೆ. ಬಾಗಿಲು ತೋರಿಸಿದೆ. ಖಾಲಿ ಮಾಡಿದೆ, ತುಂಬಿಸಿದೆ. ಹೆಬ್ಬೆರಳ ಉಗುರು ಒತ್ತಿ ಬಿಟ್ಟೆ. ಬಿಳಿ ಇದ್ದದ್ದು ಕೆಂಪಾಯಿತು.

"ಬಂತು!" ಎಂದಳು. ತಾನೇ ಹಲ್ಲಿನಲ್ಲಿ ಉಗುರು ಒತ್ತಿ ಮತ್ತೆ ನೋಡಿದಳು. ಮತ್ತೆ ಬಂತು. ಆಮೇಲೆ ಎಡಗೈ ಮೇಲಿನ ಸೆರಗು ಸರಿಸಿ ಮೊಂಡ ತೋಳು ನನ್ನ ಮುಂದೆ ಚಾಚಿದಳು. ಒಂಬತ್ತು ವರ್ಷದಲ್ಲಿ ಅದನ್ನು ನಾನು ಕಣ್ಣಿಟ್ಟು ನೋಡಿರಲಿಲ್ಲ.

"ಬೆರಳ ತನಕ ಹೋಗಿ ತಿರಗತದ ಅಂತೀ. ಈ ಕಡಿ ಬೆರಳೇ ಇಲ್ಲ. ಇಲ್ಲಿಗಿ ಬಂದದ್ದು ಎಲ್ಲಿಂದ ತಿರಗತದ?"

ನೋಡಿದೆ. ತುದಿಯ ಚರ್ಮ ಒತ್ತಿದೆ, ಬೆಳ್ಳಗಾಯಿತು, ಬಿಟ್ಟೆ, ಅಲ್ಲಿಯೂ ಕೆಂಪು ಬಂತು. ಆದರೆ ದಾರಿ ಕತ್ತರಿಸಿ ಹೋದ ಮೇಲೆ ಅದು ಹೊಸ ದಾರಿ ಹೇಗೆ ಹಿಡಿಯಿತು?

"ಗೊತ್ತಿಲ್ಲ," ಎಂದೆ.

"ಗೊತ್ತಿಲ್ಲ?"

"ಗೊತ್ತಿಲ್ಲ ಭೀಮವ್ವ. ಲತೀಫಾಗ ಕಾರ್ಡು ಬರದು ಕೇಳ್ತೀನಿ."

ಬುಟ್ಟಿಯಿಂದ ಒಂದು ಪೇರಲ ಆರಿಸಿದಳು, ಒರೆಸಿದಳು, ನನ್ನ ಮುಖಕ್ಕೆ ತೋರಿಸಿ ಪಕ್ಕಕ್ಕಿಟ್ಟಳು.

"ಉತ್ತರ ಬಂದ ಮ್ಯಾಲ," ಎಂದಳು.

ಸಂಜೆಯ ಟಪ್ಪಾಲಿಗೆ ಕಾರ್ಡು ಹಾಕಿದ್ದೇನೆ. ಜಲ್ದಿ ಬರಿ, ಹಣ್ಣು ಕೆಡುತ್ತದೆ ಎಂದು ಕೆಳಗೆ ಸೇರಿಸಿದ್ದೇನೆ.